ಮಾಗಿಯ ಹೊಲಗಳಲ್ಲಿ ಸೆಳೆವದ ಬೇಟೆ: ನೋಡಿದವರು ಬರೆಯಿರಿ

ಎರೆಬಯಲು, ಗದಗ

ನವರಾತ್ರಿಯ ಆಸುಪಾಸಿನಲ್ಲಿ ನಮ್ಮ ಗದಗ, ಮುಂಡರಗಿ, ರೋಣದ ಕಡೆಯ ಎರೆ ಹೊಲಗಳಿಗೆ ಮೊದಲ ಸೆಳೆವಗಳು ಬಂದಿಳಿಯುತ್ತವೆ. ದೀಪಾವಳಿ ಕಳೆದು ಕಡಲೆ ಗೇಣುದ್ದವಾಗುವಷ್ಟರಲ್ಲಿ ಅವು ದಿನವೂ ಕಾಣುವ ಹಕ್ಕಿಗಳಾಗಿರುತ್ತವೆ. ಪಕ್ಷಿವೀಕ್ಷಕರು ಹೆಚ್ಚಾಗಿ ಹ್ಯಾರಿಯರ್ ಎಂದೇ ಹೇಳುವ ಈ ಹಕ್ಕಿಯ ಬೇಟೆಯನ್ನು ಕುರಿತು ಇಲ್ಲಿ ಸಾವಧಾನವಾಗಿ ಚರ್ಚೆ ನಡೆಯಲಿ ಎಂಬುದು ನನ್ನ ಆಸೆ. ಬೇಟೆಹಕ್ಕಿಯೆಂದರೆ ದೊಡ್ಡ ಚಾಣವು ಮುಗಿಲಿನಿಂದ ಎರಗುವ ದೃಶ್ಯವನ್ನೇ ನೆನೆಯುವವರು ಹೆಚ್ಚು. ಆ ಎರಗುವಿಕೆ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಬಹಳ ಸಲ ಅದು ನಡೆದದ್ದು ಗೊತ್ತಾಗುವುದೇ ಗರಿಗಳು ಗಾಳಿಯಲ್ಲಿ ಹಾರಾಡಿದ ಮೇಲೆ. ಸೆಳೆವ ಹಾಗಲ್ಲ. ಅದು ಆಳೆತ್ತರಕ್ಕಿಂತ ಕೆಳಗೆ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು, ನಾಲ್ಕಾರು ಬಾರಿ ಬಡಿದು ಮತ್ತೆ ತೇಲುತ್ತ, ಹೊಲದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಸಾಗುತ್ತದೆ. ಹುಡುಕಾಟವೇ ಅದರ ಬೇಟೆಯ ಬಹುಪಾಲು, ಮತ್ತು ಆ ಹುಡುಕಾಟವೆಲ್ಲ ನಮ್ಮ ಕಣ್ಣೆದುರೇ ನಡೆಯುತ್ತದೆ.

ನಾನು ಗಮನಿಸಿದ ಮಟ್ಟಿಗೆ ಅದು ಹೊಲದ ನಡುವಿಗಿಂತ ಬದುವಿನ ಗುಂಟ ಹೆಚ್ಚು ಹಾರುತ್ತದೆ. ಹುಲ್ಲು ಬೆಳೆದ ಬದು, ಜೋಳದ ಹೊಲಕ್ಕೂ ಕಡಲೆಯ ಹೊಲಕ್ಕೂ ನಡುವಿನ ಗೆರೆ, ಹಳ್ಳದ ದಂಡೆ, ಇವೇ ಅದರ ದಾರಿಗಳು. ಹಾರುತ್ತ ಹಾರುತ್ತ ಒಮ್ಮೆಲೇ ತಡೆದು, ಬಾಲವನ್ನು ಬೀಸಣಿಕೆಯಾಗಿ ಬಿಡಿಸಿ, ಉದ್ದನೆಯ ಕಾಲುಗಳನ್ನು ಇಳಿಬಿಟ್ಟು, ಮೈಯನ್ನು ಪಕ್ಕಕ್ಕೆ ತಿರುಚಿ ಹುಲ್ಲಿನೊಳಗೆ ಬೀಳುತ್ತದೆ. ಬಹುಪಾಲು ಸಲ ಬರಿಗಾಲಲ್ಲೇ ಮೇಲೇಳುತ್ತದೆ. ಎದ್ದ ಮೇಲೆ ಸೋತೆನೆಂಬ ಯಾವ ಗಡಿಬಿಡಿಯೂ ಇಲ್ಲದೆ ಅದೇ ಗೆರೆಯಲ್ಲಿ ಮುಂದುವರಿಯುವುದನ್ನು ನೋಡಿದರೆ, ನಾವು ವಿಫಲತೆ ಎಂದು ಲೆಕ್ಕ ಹಾಕುವುದು ಅದರ ಪಾಲಿಗೆ ದಿನದ ಕೆಲಸದ ಒಂದು ಭಾಗ ಮಾತ್ರ ಎನಿಸುತ್ತದೆ.

ನನ್ನ ಪ್ರಶ್ನೆಗಳು ಎರಡು. ಬದುವಿನ ಅಂಚನ್ನೇ ಅದು ಏಕೆ ಹಿಡಿಯುತ್ತದೆ? ಹುಲ್ಲಿನೊಳಗೆ ಅಡಗಿದ ಜೀವಿಯನ್ನು ಅದು ಕಣ್ಣಿನಿಂದ ಕಂಡು ಬೀಳುತ್ತದೆಯೋ, ಕಿವಿಯಿಂದ ಕೇಳಿ ಬೀಳುತ್ತದೆಯೋ? ಪುಸ್ತಕದ ಉತ್ತರಕ್ಕಿಂತ ನಿಮ್ಮ ಊರಿನ ಹೊಲ, ಕಾವಲು, ಕೆರೆಯಂಗಳಗಳಲ್ಲಿ ನೋಡಿದ್ದನ್ನು ಬರೆದರೆ ಹೆಚ್ಚು ಉಪಯೋಗ.

ಮಧುಗಿರಿಯವ

ಎರೆಬಯಲು ಅವರಿಗೆ ನಮಸ್ಕಾರ. ಯಾವ ಸೆಳೆವ ಎಂಬುದನ್ನು ಮೊದಲು ತಿಳಿಯದೆ ಬೇಟೆಯ ಕ್ರಮವನ್ನು ಹೇಳುವುದು ಕಷ್ಟ, ಏಕೆಂದರೆ ಚಳಿಗಾಲದಲ್ಲಿ ನಮ್ಮ ಬಯಲುಸೀಮೆಗೆ ಮುಖ್ಯವಾಗಿ ಮೂರು ಬಗೆಯವು ಬರುತ್ತವೆ, ಮೂರರ ನಡೆಯೂ ಬೇರೆ. ಕೆರೆ, ಜೊಂಡು, ಭತ್ತದ ಗದ್ದೆಗಳ ಮೇಲೆ ಭಾರವಾಗಿ ಹಾರುವುದು ಜೌಗು ಸೆಳೆವ. ನಿಮ್ಮ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಹೋದವರು ನಾಮದಕೋಳಿಗಳ ಗುಂಪು ಇದ್ದಕ್ಕಿದ್ದಂತೆ ಒಟ್ಟುಗೂಡಿ ನೀರು ಚಿಮ್ಮಿಸುವುದನ್ನು ಕಂಡಿರಬಹುದು. ತಲೆಯೆತ್ತಿ ನೋಡಿದರೆ ಮೇಲೆ ಈ ಹಕ್ಕಿ ಇರುತ್ತದೆ. ಒಣ ಹೊಲ ಮತ್ತು ಹುಲ್ಲುಗಾವಲುಗಳ ಮೇಲೆ ಹಾರುವ ತೆಳ್ಳನೆಯವು ಬಿಳಿ ಸೆಳೆವ ಮತ್ತು ಮಾಂಟೆಗು ಸೆಳೆವ.

ಬೂದು ಬಣ್ಣದ ಗಂಡಾದರೆ ಗುರುತು ಸುಲಭ. ಬಿಳಿ ಸೆಳೆವದ ಗಂಡು ದೂರದಿಂದ ಬಹುತೇಕ ಬೆಳ್ಳಗೇ ಕಾಣುತ್ತದೆ, ರೆಕ್ಕೆಯ ತುದಿಯಲ್ಲಿ ಕಪ್ಪು ಬಣ್ಣ ಬೆಣೆಯ ಆಕಾರದಲ್ಲಷ್ಟೇ ಇರುತ್ತದೆ. ಮಾಂಟೆಗುವಿನ ಗಂಡಿನ ಬೂದು ಇನ್ನಷ್ಟು ಗಾಢ. ರೆಕ್ಕೆಯ ತುದಿ ಹೆಚ್ಚು ಅಗಲಕ್ಕೆ ಕಪ್ಪಾಗಿರುವುದಲ್ಲದೆ ರೆಕ್ಕೆಯ ಮೇಲ್ಭಾಗದಲ್ಲಿ ಒಂದು ಕಪ್ಪು ಪಟ್ಟಿಯೂ, ಹೊಟ್ಟೆಯಲ್ಲಿ ಕೆಂಗಂದು ಗೀರುಗಳೂ ಇರುತ್ತವೆ. ಹೆಣ್ಣು ಮತ್ತು ಮರಿಗಳು ಎರಡು ಜಾತಿಯಲ್ಲೂ ಕಂದು, ಸೊಂಟದ ಮೇಲೆ ಬಿಳಿ ಪಟ್ಟಿ. ಅವುಗಳಲ್ಲಿ ಕತ್ತಿನ ಸುತ್ತ ಸ್ಪಷ್ಟವಾದ ತಿಳಿಬಣ್ಣದ ಪಟ್ಟಿ, ಅದರ ಹಿಂದೆ ಗಾಢ ಬಣ್ಣ ಕಂಡರೆ ಬಿಳಿ ಸೆಳೆವ ಎನ್ನಬಹುದು. ಉಳಿದವನ್ನು ನಾನು ಹೆಸರಿಸಲು ಹೋಗುವುದಿಲ್ಲ. ಗಾಳಿಯಲ್ಲಿ ತೇಲುವ ಕಂದು ಹೆಣ್ಣಿಗೆ ಹಟ ಹಿಡಿದು ಹೆಸರಿಡುವುದರಿಂದ ಆಗುವ ಲಾಭ ಕಡಿಮೆ.

ತೂಕವನ್ನು ಗಮನಿಸಿ. ಮಾಂಟೆಗುವಿನ ಗಂಡು ಸುಮಾರು 250ರಿಂದ 300 ಗ್ರಾಂ, ರೆಕ್ಕೆ ಬಿಚ್ಚಿದರೆ ಸುಮಾರು ಒಂದು ಮೀಟರ್ ಅಗಲ. ಇಷ್ಟು ಹಗುರ ಮೈಗೆ ಅಷ್ಟು ದೊಡ್ಡ ರೆಕ್ಕೆ ಇರುವುದರಿಂದಲೇ ಅದು ಕೆಳಗೆ ಬೀಳದೆ ಅಷ್ಟು ನಿಧಾನವಾಗಿ ಹಾರಬಲ್ಲದು. ಜೌಗು ಸೆಳೆವ ಇದರ ಎರಡರಷ್ಟೋ ಅದಕ್ಕಿಂತ ಹೆಚ್ಚೋ ತೂಗುತ್ತದೆ, ಆದ್ದರಿಂದ ನೀರುಹಕ್ಕಿಯಂತಹ ದೊಡ್ಡ ಬೇಟೆಗೂ ಕೈಹಾಕುತ್ತದೆ. ನಮ್ಮ ಮೈದೇನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲಿನಲ್ಲಿ ಚಳಿಗಾಲದ ಸಂಜೆ ನಾನು ನೋಡುವುದು ಹೆಚ್ಚಾಗಿ ತೆಳ್ಳನೆಯವುಗಳನ್ನೇ.

ಗಾಳಿಮುಖ, ಬೆಂಗಳೂರು

ಕಣ್ಣೋ ಕಿವಿಯೋ ಎಂಬ ಪ್ರಶ್ನೆಗೆ ನನ್ನ ಉತ್ತರ, ಎರಡೂ. ಆದರೆ ಕಿವಿಯ ಪಾಲು ನಾವು ಊಹಿಸುವುದಕ್ಕಿಂತ ದೊಡ್ಡದು. ಸೆಳೆವದ ಮುಖವನ್ನು ದೂರದರ್ಶಕದಲ್ಲಿ ಎದುರಿನಿಂದ ನೋಡಿದರೆ ಗೂಬೆಯ ಮುಖದ ತಟ್ಟೆಯನ್ನು ನೆನಪಿಸುವ ಗರಿಗಳ ಅಂಚು ಕಾಣುತ್ತದೆ. ಹದ್ದು, ಗಿಡುಗಗಳಲ್ಲಿ ಇದು ಇಲ್ಲ. ಆ ಗರಿಗಳು ಶಬ್ದವನ್ನು ಕಿವಿಯ ಕಡೆಗೆ ತಿರುಗಿಸುತ್ತವೆ. ಉತ್ತರ ಅಮೆರಿಕದ ಸೆಳೆವಗಳ ಮೇಲೆ 1980ರ ದಶಕದ ಆರಂಭದಲ್ಲಿ ನಡೆದ ಪ್ರಯೋಗಗಳಲ್ಲಿ, ಹುಲ್ಲಿನಲ್ಲಿ ಅಡಗಿಸಿಟ್ಟ ಪುಟ್ಟ ಧ್ವನಿವರ್ಧಕದಿಂದ ಇಲಿಯ ಸದ್ದು ಹೊರಡಿಸಿದಾಗ ಹಕ್ಕಿಗಳು ಏನನ್ನೂ ಕಾಣದೆಯೇ ಸದ್ದಿನ ಜಾಗಕ್ಕೆ ಎರಗಿದವು. ನಮ್ಮ ಸೆಳೆವಗಳು ಅದೇ ಕುಲದವು, ಮುಖದ ರಚನೆಯೂ ಅದೇ ಬಗೆಯದು. ಅದು ಇಷ್ಟು ಕೆಳಗೆ, ಇಷ್ಟು ನಿಧಾನವಾಗಿ ಹಾರುವುದಕ್ಕೆ ಇದೂ ಒಂದು ಕಾರಣವಿರಬೇಕು. ವೇಗ ಹೆಚ್ಚಿದರೆ ತನ್ನ ರೆಕ್ಕೆಯ ಗಾಳಿಸದ್ದೇ ಕಿವಿಗೆ ಅಡ್ಡಬರುತ್ತದೆ.

ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ನಾನು ಮೊದಲು ನೋಡುವುದು ಹಕ್ಕಿಯನ್ನಲ್ಲ, ಗಾಳಿಯನ್ನು. ಮಾಗಿಯಲ್ಲಿ ಅಲ್ಲಿ ಪೂರ್ವದ ಗಾಳಿ ಹೆಚ್ಚು. ಹುಡುಕುವಾಗ ಸೆಳೆವ ಗಾಳಿಗೆ ಎದುರಾಗಿಯೋ ತುಸು ಓರೆಯಾಗಿಯೋ ಹಾರುತ್ತದೆ, ಏಕೆಂದರೆ ಎದುರುಗಾಳಿಯಲ್ಲಿ ರೆಕ್ಕೆಗೆ ಸಾಕಷ್ಟು ಆಸರೆ ಸಿಕ್ಕರೂ ನೆಲದ ಮೇಲಿನ ವೇಗ ಕಡಿಮೆಯಾಗಿ ಪ್ರತಿಯೊಂದು ಹುಲ್ಲಿನ ಬುಡವನ್ನೂ ನೋಡಲು ಹೊತ್ತು ದೊರೆಯುತ್ತದೆ. ತುದಿ ತಲುಪಿದ ಮೇಲೆ ಗಾಳಿಯ ಜೊತೆಗೆ ಬೇಗನೆ ಹಿಂದಿರುಗಿ, ಪಕ್ಕದ ಗೆರೆಯನ್ನು ಹಿಡಿದು ಮತ್ತೆ ಎದುರುಗಾಳಿಗೆ ಬರುತ್ತದೆ. ಕೂರಿಗೆ ಹೊಡೆಯುವವರು ಒಂದು ಸಾಲು ಮುಗಿಸಿ ಪಕ್ಕದ ಸಾಲಿಗೆ ತಿರುಗುವ ಕ್ರಮ ಹೇಗೋ ಹಾಗೆ. ಇದು ಒಮ್ಮೆ ತಿಳಿದರೆ ಎಲ್ಲಿ ಕುಳಿತುಕೊಳ್ಳಬೇಕೆಂಬುದೂ ತಿಳಿಯುತ್ತದೆ: ಗಾಳಿ ಬೀಸಿ ಬರುವ ಕಡೆಯ ಅಂಚಿನಲ್ಲಿ ಗಿಡದ ಮರೆಗೆ ಕುಳಿತರೆ ಹಕ್ಕಿ ತಾನಾಗಿ ನಿಮ್ಮತ್ತ ಮುಖ ಮಾಡಿ ಬರುತ್ತದೆ, ನೀವು ಅದರ ಹಿಂದೆ ಓಡಬೇಕಾಗಿಲ್ಲ. ಗಾಳಿಯೇ ಇಲ್ಲದ ಬೆಳಗುಗಳಲ್ಲಿ ಅದು ಹೆಚ್ಚು ಹೊತ್ತು ನೆಲದ ಮೇಲೆ ಕುಳಿತಿರುವುದನ್ನೂ ಕಂಡಿದ್ದೇನೆ.

ಅಂಚಿನ ಪ್ರಶ್ನೆಗೂ ಒಂದು ಮಾತು. ಅಂಚು ಎಂದರೆ ಮರೆಯೂ ಹೌದು. ಜೋಳದ ಹೊಲದ ಈಚೆ ಬದಿಯಲ್ಲಿ ಹಾರುತ್ತ ಬಂದು ಮೂಲೆಯಲ್ಲಿ ಒಮ್ಮೆಲೇ ಆಚೆಗೆ ಹೊರಳಿದರೆ ಅಲ್ಲಿ ಮೇಯುತ್ತಿರುವ ಹಕ್ಕಿಗೆ ಮುನ್ಸೂಚನೆ ಸಿಗುವುದಿಲ್ಲ. ಸೆಳೆವದ ಗೆಲುವು ಬಹುಮಟ್ಟಿಗೆ ವೇಗದ್ದಲ್ಲ, ಹಠಾತ್ತಾಗಿ ಎದುರಾಗುವುದರದು.

ಹಿಂಗಾರಿ, ಕುಷ್ಟಗಿ

ನಾನು ಒಕ್ಕಲುತನದವನು. ಹಕ್ಕಿಯ ಹೆಸರುಗಳನ್ನು ಮಧುಗಿರಿಯ ಅಣ್ಣನವರು ಹೇಳಿದ ಮೇಲೆ ಒಂದಿಷ್ಟು ಹೊಂದಿಸಿಕೊಂಡೆ. ಹೊಲದ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ.

ಬದುವಿನ ಪ್ರಶ್ನೆಗೆ ಉತ್ತರ ಹೊಲದೊಳಗೇ ಇದೆ. ಎಡೆಕುಂಟೆ ಹೊಡೆದು ಕಳೆ ತೆಗೆದ ಕಡಲೆ ಹೊಲದ ನಡುವೆ ಮಿಡತೆಗೆ ಏನಿದೆ? ಮಿಡತೆ, ಓತಿಕ್ಯಾತ, ಇಲಿಯ ಬಿಲ, ನೆಲಗುಬ್ಬಿ ಇವೆಲ್ಲ ಇರುವುದು ಬದುವಿನಲ್ಲಿ. ನಮ್ಮ ಕಡೆ ಈಚೆಗೆ ಬದುಗಳನ್ನು ಕಿರಿದು ಮಾಡಿ, ಹುಲ್ಲಿಗೆ ಕಳೆನಾಶಕ ಹೊಡೆದು ಸುಡುವುದು ಹೆಚ್ಚಾಗಿದೆ. ಅಂತಹ ಹೊಲಗಳ ಮೇಲೆ ಈ ಹಕ್ಕಿ ನಿಲ್ಲದೆ ದಾಟಿ ಹೋಗುವುದನ್ನು ಯಾರು ಬೇಕಾದರೂ ನೋಡಬಹುದು.

ಇಲಿಯ ವಿಷಯದಲ್ಲಿ ಒಂದು ತಿದ್ದುಪಡಿ. ಸೆಳೆವ ಬಂದರೆ ಇಲಿ ಕಾಟ ತಪ್ಪುತ್ತದೆ ಎಂದು ಕೆಲವರು ಹೇಳುತ್ತಾರೆ. ಹೊಲದ ಇಲಿ ರಾತ್ರಿಯ ಜೀವಿ, ಈ ಹಕ್ಕಿ ಹಗಲಿನದು. ಮುಂಜಾನೆ ಮತ್ತು ಸಂಜೆಯ ಅಂಚಿನಲ್ಲಿ ಒಂದೆರಡು ಸಿಗಬಹುದು. ಇಲಿಯನ್ನು ನಿಜವಾಗಿ ಹಿಡಿಯುವುದು ಗೂಬೆ. ಸೆಳೆವದಿಂದ ಲಾಭವಿದೆಯಾದರೆ ಅದು ಮಿಡತೆಯ ಲೆಕ್ಕದಲ್ಲಿ. ಬಿಸಿಲು ಏರಿ ಮಿಡತೆಗಳು ಹಾರತೊಡಗಿದ ಮೇಲೆ ಅದು ಬೀಳುವ ರೀತಿಯೂ ಬದಲಾಗುತ್ತದೆ. ಆಗ ಆ ತಿರುಚುವಿಕೆ, ಕಾಲು ಇಳಿಬಿಡುವುದು ಏನೂ ಇರುವುದಿಲ್ಲ. ಸುಮ್ಮನೆ ಬಾಗಿ, ಕಾಲಿನಿಂದ ಎತ್ತಿಕೊಂಡು, ಕೆಲವೊಮ್ಮೆ ನೆಲಕ್ಕಿಳಿಯದೆ ಹಾರುತ್ತಲೇ ಬಾಯಿಗೆ ಹಾಕಿಕೊಂಡು ಮುಂದೆ ಹೋಗುತ್ತದೆ. ದೂರದಿಂದ ನೋಡುವವರಿಗೆ ಅದು ಬೇಟೆಯೆಂದೇ ತೋರುವುದಿಲ್ಲ.

ಕಡಲೆಯ ಕಾಯಿಕೊರಕ ಹುಳುವಿಗಾಗಿ ನಾವು ಹೊಲದಲ್ಲಿ ಕವಲು ಕಡ್ಡಿಗಳನ್ನು ನೆಡುತ್ತೇವೆ, ಕಾಜಾಣ ಬಂದು ಕುಳಿತು ಹುಳು ತಿನ್ನಲಿ ಎಂದು. ರಾಮದಾಸ ಹದ್ದೂ ಒಮ್ಮೊಮ್ಮೆ ಅದರ ಮೇಲೆ ಕುಳಿತುಕೊಳ್ಳುತ್ತದೆ. ಸೆಳೆವ ಮಾತ್ರ ಕಡ್ಡಿಯ ಮೇಲೆ ಕುಳಿತದ್ದನ್ನು ನಾನು ಕಂಡಿಲ್ಲ. ಅದಕ್ಕೆ ಹೆಂಟೆಯೇ ಬೇಕು, ನೆಲವೇ ಬೇಕು.

ಉದ್ದಮಸೂರ, ಹುಬ್ಬಳ್ಳಿ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನನ್ನದು ಛಾಯಾಗ್ರಹಣದ ಪ್ರಶ್ನೆ. ಸೆಳೆವ ಬೇಟೆಯನ್ನು ಹಿಡಿಯುವ ಕ್ಷಣದ ಚಿತ್ರ ನನಗೆ ಇನ್ನೂ ಸಿಕ್ಕಿಲ್ಲ. ಸಂಜೆ ಅವು ತಂಗುವ ಹುಲ್ಲಿನ ಬಳಿಗೆ ಕಾರಿನಲ್ಲಿ ಹೋದರೆ ಹಕ್ಕಿಗಳು ಹತ್ತಿರದಿಂದ ಏಳುತ್ತವೆ ಎಂದು ಸ್ನೇಹಿತರು ಹೇಳುತ್ತಾರೆ. ಬೇರೆ ಕಡೆ ಇಲಿಯನ್ನು ಬಿಟ್ಟು ಚಿತ್ರ ತೆಗೆಯುವವರೂ ಇದ್ದಾರಂತೆ. ಒಂದು ಸಂಜೆಯ ಮಟ್ಟಿಗೆ ಹೀಗೆ ಮಾಡಿದರೆ ಹಕ್ಕಿಗೆ ಅಂತಹ ನಷ್ಟವೇನು ಎಂದು ತಿಳಿದವರು ಹೇಳಬೇಕು. ನಾನು ವಾದಕ್ಕಾಗಿ ಕೇಳುತ್ತಿಲ್ಲ.

ಮಧುಗಿರಿಯವ

ಉದ್ದಮಸೂರ ಅವರೇ, ನೀವು ನೇರವಾಗಿ ಕೇಳಿದ್ದರಿಂದ ನೇರವಾಗಿಯೇ ಹೇಳುತ್ತೇನೆ. ಸೆಳೆವಗಳು ಮರದ ಮೇಲೆ ಮಲಗುವುದಿಲ್ಲ. ಹಗಲೆಲ್ಲ ಹರಡಿಕೊಂಡು ಬೇಟೆಯಾಡಿದ ಹಕ್ಕಿಗಳು ಸೂರ್ಯ ಮುಳುಗುವ ಹೊತ್ತಿಗೆ ಒಂದೇ ಹುಲ್ಲುಗಾವಲಿಗೆ ಬಂದು ಸೇರಿ, ಕೆಲಹೊತ್ತು ಬೋಳು ನೆಲದಲ್ಲಿ ಕುಳಿತಿದ್ದು, ಕತ್ತಲಾಗುವ ಮುಂಚೆ ಹುಲ್ಲಿನೊಳಗೆ ಇಳಿದು ನೆಲದ ಮೇಲೆಯೇ ರಾತ್ರಿ ಕಳೆಯುತ್ತವೆ. ಗುಜರಾತಿನ ಭಾವನಗರದ ಬಳಿಯ ವೇಳಾವದರ್ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನದಲ್ಲಿ ಇವು ನೂರುಗಟ್ಟಲೆ ಸೇರುತ್ತವೆ. ಜಗತ್ತಿನ ಅತಿ ದೊಡ್ಡ ತಂಗುದಾಣಗಳಲ್ಲಿ ಅದನ್ನು ಎಣಿಸುತ್ತಾರೆ. ಆಂಧ್ರದ ರೊಳ್ಳಪಾಡಿನ ಹುಲ್ಲುಗಾವಲೂ ಹಿಂದಿನಿಂದ ಹೆಸರಾದದ್ದು. ನಮ್ಮಲ್ಲಿ ಇಂತಹ ಜಾಗಗಳು ಚಿಕ್ಕವು, ಆದ್ದರಿಂದ ಸುಲಭವಾಗಿ ಕೆಡುವಂಥವು.

ನೆಲದ ಮೇಲೆ ಮಲಗುವ ಹಕ್ಕಿಗೆ ನರಿ, ತೋಳ, ನಾಯಿ ಎಲ್ಲವೂ ಶತ್ರು. ಕತ್ತಲಾಗುವ ಹೊತ್ತಿಗೆ ಕಾರು ಹುಲ್ಲಿಗೆ ನುಗ್ಗಿದರೆ ಎದ್ದ ಹಕ್ಕಿಗೆ ಮತ್ತೊಂದು ಜಾಗ ಹುಡುಕಲು ಬೆಳಕೂ ಇರುವುದಿಲ್ಲ, ದಿನದ ಕೊನೆಯಲ್ಲಿ ಶಕ್ತಿಯೂ ಇರುವುದಿಲ್ಲ. ಒಬ್ಬರ ಒಂದು ಸಂಜೆ ಎನ್ನುವುದು ಸರಿ. ಆದರೆ ಜಾಗದ ಗುರುತು ಮೊಬೈಲಿನಲ್ಲಿ ಹರಿದಾಡಿದ ಮೇಲೆ ಅದು ಒಬ್ಬರದಾಗಿ ಉಳಿಯುವುದಿಲ್ಲ. ಇಲಿ ಬಿಡುವ ವಿಷಯಕ್ಕೆ ಬಂದರೆ, ಆ ಚಿತ್ರದಲ್ಲಿರುವುದು ಸೆಳೆವದ ಬೇಟೆಯೇ ಅಲ್ಲ. ಎರೆಬಯಲು ಅವರು ಬರೆದ ಹುಡುಕಾಟವೆಲ್ಲ ಅದರಿಂದ ಬಿಟ್ಟುಹೋಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಆಮೇಲೆ ನೋಡೋಣ, ಮೊದಲು ಇದನ್ನು ಯೋಚಿಸಿ.

ತಂಗುದಾಣವನ್ನು ನೋಡಲೇಬೇಕೆಂದರೆ ಸೂರ್ಯಾಸ್ತಕ್ಕೆ ಬಹಳ ಮುಂಚೆ ಹೋಗಿ, ದಾರಿಯಲ್ಲೇ ನಿಂತು, ಕನಿಷ್ಠ ಮುನ್ನೂರು ನಾನೂರು ಮೀಟರ್ ದೂರದಿಂದ ನೋಡಿ, ಕತ್ತಲಾದ ಮೇಲೆ ದೀಪ ಹಾಕದೆ ಹಿಂದಿರುಗಬೇಕು. ಬೆಳಗ್ಗೆ ಹಕ್ಕಿಗಳೆಲ್ಲ ಹೋದ ಮೇಲೆ, ಅನುಮತಿ ಇದ್ದರೆ, ಅಲ್ಲಿ ಬಿದ್ದಿರುವ ಕಕ್ಕಿದ ಉಂಡೆಗಳನ್ನು ನೋಡಬಹುದು. ಹಿಂದಿನ ದಿನ ಏನು ತಿಂದಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ: ಮಿಡತೆಯ ಕಾಲಿನ ಚೂರು, ಪುಟ್ಟ ಹಕ್ಕಿಯ ಗರಿ, ಇಲಿಯ ಕೂದಲು. ಭಾರತದಲ್ಲಿ ಸೆಳೆವಗಳ ಚಳಿಗಾಲದ ಆಹಾರವನ್ನು ಅಭ್ಯಾಸ ಮಾಡಿದವರು ಆಧರಿಸಿದ್ದು ಬಹುಮಟ್ಟಿಗೆ ಈ ಉಂಡೆಗಳನ್ನೇ.

ತಗ್ಗುನಾಡು, ಗ್ರೋನಿಂಗನ್

ನಾನು ಧಾರವಾಡದವಳು, ಈಗ ನೆದರ್‌ಲ್ಯಾಂಡ್ಸಿನ ಉತ್ತರದಲ್ಲಿದ್ದೇನೆ. ನಿಮ್ಮಲ್ಲಿ ಚಳಿಗಾಲ ಕಳೆಯುವ ಮಾಂಟೆಗು ಸೆಳೆವದ ಬಳಗ ಇಲ್ಲಿ ಬೇಸಿಗೆಯಲ್ಲಿ ಗೂಡು ಕಟ್ಟುತ್ತದೆ. ಆದರೆ ಇಲ್ಲಿಯ ಹಕ್ಕಿ ಅಲ್ಲಿಗೆ ಬರುವುದಿಲ್ಲ ಎಂಬುದನ್ನು ಹೇಳಬೇಕು. ಪಶ್ಚಿಮ ಯುರೋಪಿನ ಹಕ್ಕಿಗಳು ಚಳಿಗಾಲಕ್ಕೆ ಸಹಾರಾ ಮರುಭೂಮಿಯನ್ನು ದಾಟಿ ಅದರ ದಕ್ಷಿಣದ ಸಾಹೇಲ್ ಪ್ರದೇಶಕ್ಕೆ ಹೋಗುತ್ತವೆ. ಭಾರತಕ್ಕೆ ಬರುವವು ಕಝಾಕಿಸ್ತಾನ ಮತ್ತು ಅದರ ಸುತ್ತಲಿನ ರಷ್ಯಾದ ಹುಲ್ಲುಬಯಲುಗಳಲ್ಲಿ ಮರಿ ಮಾಡುವ ಹಕ್ಕಿಗಳು. ಬಿಳಿ ಸೆಳೆವವೂ ಮೂಲತಃ ಆ ಬಯಲುಗಳದ್ದೇ.

ಸಾಹೇಲ್‌ನಲ್ಲಿ ನಡೆದ ಅಧ್ಯಯನಗಳಲ್ಲೂ ಚಳಿಗಾಲದ ಮುಖ್ಯ ಆಹಾರ ಮಿಡತೆಯೆಂದೇ ಕಂಡುಬಂದಿದೆ. ಕುಷ್ಟಗಿಯ ಅಣ್ಣನವರು ಹೊಲದಲ್ಲಿ ನಿಂತು ಹೇಳಿದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಇಲ್ಲಿ ಬೇಸಿಗೆಯಲ್ಲಿ ಮಾತ್ರ ಅದು ಪುಟ್ಟ ಹೊಲದಿಲಿಗಳನ್ನು ನೆಚ್ಚಿಕೊಂಡಿರುತ್ತದೆ, ಆ ಇಲಿಗಳು ಹಗಲಿನಲ್ಲೂ ಓಡಾಡುತ್ತವೆ. ಗೂಡು ಗೋಧಿಯ ಅಥವಾ ಕುದುರೆಮೆಂತೆಯ ಹೊಲದ ನೆಲದ ಮೇಲೆ. ಕಟಾವು ಯಂತ್ರ ಬರುವಾಗ ಮರಿಗಳಿಗೆ ಇನ್ನೂ ಹಾರಲು ಬಂದಿರುವುದಿಲ್ಲ, ಆದ್ದರಿಂದ ಸ್ವಯಂಸೇವಕರು ರೈತರೊಂದಿಗೆ ಮಾತನಾಡಿ ಗೂಡಿನ ಸುತ್ತ ಬೇಲಿ ಹಾಕುತ್ತಾರೆ, ಆ ಒಂದು ಚೌಕವನ್ನು ರೈತರು ಕೊಯ್ಯದೆ ಬಿಡುತ್ತಾರೆ. 1980ರ ದಶಕದ ಕೊನೆಗೆ ಇಲ್ಲಿ ಈ ಹಕ್ಕಿ ಬಹುತೇಕ ಅಳಿದೇಹೋಗಿತ್ತು. ಆಮೇಲೆ ಧಾನ್ಯದ ಉತ್ಪಾದನೆ ಹೆಚ್ಚಾಯಿತೆಂದು ದೊಡ್ಡ ಪ್ರಮಾಣದಲ್ಲಿ ಹೊಲಗಳನ್ನು ಬೀಳುಬಿಟ್ಟಾಗ ಇಲಿಗಳು ಹೆಚ್ಚಿ ಹಕ್ಕಿ ತಾನೇ ಮರಳಿತು. ಯಾರೂ ಹಕ್ಕಿಗಾಗಿ ಮಾಡಿದ ಕೆಲಸ ಅದಾಗಿರಲಿಲ್ಲ ಎಂಬುದು ನನಗೆ ಇಂದಿಗೂ ತಮಾಷೆಯಾಗಿ ಕಾಣುತ್ತದೆ.

ಮರಿ ಮಾಡುವ ಕಾಲದಲ್ಲಿ ಗಂಡು ತಂದ ಬೇಟೆಯನ್ನು ಗಾಳಿಯಲ್ಲೇ ಕೈಬಿಡುತ್ತದೆ, ಕೆಳಗಿನಿಂದ ಎದ್ದುಬಂದ ಹೆಣ್ಣು ಮೈಯನ್ನು ಮಗುಚಿ ಅದನ್ನು ಹಿಡಿಯುತ್ತದೆ. ಚಳಿಗಾಲದಲ್ಲಿ ನಿಮಗೆ ಅದು ಕಾಣದು. ಅಲ್ಲಿ ಪ್ರತಿಯೊಂದೂ ತನ್ನ ಹೊಟ್ಟೆಗೆ ತಾನೇ.

ಎರೆಬಯಲು, ಗದಗ

ತಗ್ಗುನಾಡು ಅವರ ಕೊನೆಯ ಮಾತಿಗೆ ಒಂದು ಸಂಗತಿ ಸೇರಿಸುತ್ತೇನೆ. ಚಳಿಗಾಲದಲ್ಲಿ ತನ್ನ ಹೊಟ್ಟೆಗೆ ಹಿಡಿದದ್ದು ತನಗೇ ದಕ್ಕುತ್ತದೆ ಎಂಬ ಭರವಸೆಯೂ ಅದಕ್ಕೆ ಇಲ್ಲ. ಹಕ್ಕಿಯನ್ನೋ ಓತಿಯನ್ನೋ ಹಿಡಿದ ಸೆಳೆವ ತಕ್ಷಣ ಹುಲ್ಲಿನಲ್ಲಿ ಕುಗ್ಗಿ ಕುಳಿತು, ರೆಕ್ಕೆಗಳನ್ನು ತುಸು ಹರಡಿ ಬೇಟೆಯನ್ನು ಮುಚ್ಚಿಕೊಂಡು, ಅವಸರದಲ್ಲಿ ತಿನ್ನುತ್ತದೆ. ಊರ ಹದ್ದು ಕಂಡರೆ ಸಾಕು, ಅದು ಮೇಲಿನಿಂದ ಸುತ್ತುತ್ತ ಕೆಳಗಿಳಿಯುತ್ತದೆ. ಕಾಗೆಗಳೂ ಕಾಟ ಕೊಡುತ್ತವೆ. ಎತ್ತಿಕೊಂಡು ಹಾರಿದರೆ ಭಾರದಿಂದ ವೇಗ ತಗ್ಗಿ ಹದ್ದಿನ ಕೈಗೆ ಸಿಗುತ್ತದೆ, ಕುಳಿತರೆ ನಾಯಿಯ ಭಯ. ಬೇಟೆಯ ನಂತರದ ಈ ಹೊತ್ತನ್ನು ಅನೇಕರು ನೋಡದೆ ದೂರದರ್ಶಕವನ್ನು ಕೆಳಗಿಳಿಸುತ್ತಾರೆ.

ಗಾಳಿಮುಖ ಅವರು ಕಿವಿಗೆ ಕೊಟ್ಟ ಮಹತ್ವವನ್ನು ನಮ್ಮ ಹೊಲಗಳ ಮಟ್ಟಿಗೆ ನಾನು ಪೂರ್ತಿಯಾಗಿ ಒಪ್ಪಲಾರೆ. ದಟ್ಟ ಹುಲ್ಲಿನಲ್ಲಿ ಇಲಿಯ ಸದ್ದಿಗೆ ಎರಗುವುದು ನಿಜವಿರಬಹುದು. ಗೇಣುದ್ದದ ಕಡಲೆಯಲ್ಲಿ, ಹೆಂಟೆಗಳ ನಡುವೆ, ನೆಲಗುಬ್ಬಿಯನ್ನು ಹಿಡಿಯುವಾಗ ನಡೆಯುವುದು ಬೇರೆಯೇ. ನೆಲಗುಬ್ಬಿಯ ಬಣ್ಣ ಮಣ್ಣಿನೊಂದಿಗೆ ಬೆರೆತುಹೋಗುತ್ತದೆ, ಅದು ಅಲುಗಾಡದೆ ಒತ್ತಿಕೊಂಡು ಕುಳಿತರೆ ಸದ್ದೂ ಇಲ್ಲ, ಚಲನೆಯೂ ಇಲ್ಲ. ಹಾಗೆ ಕುಳಿತ ಹಕ್ಕಿಯ ಮೇಲೆಯೇ ಸೆಳೆವ ಏನೂ ತಿಳಿಯದೆ ದಾಟಿಹೋಗುವುದನ್ನು ನೋಡಬಹುದು. ಸಿಕ್ಕಿಬೀಳುವುದು ತಡವಾಗಿ ಎದ್ದ ಹಕ್ಕಿ. ಬೇಗ ಎದ್ದರೆ ನೆಲಗುಬ್ಬಿಯನ್ನು ಬೆನ್ನಟ್ಟಿ ಹಿಡಿಯುವಷ್ಟು ವೇಗ ಸೆಳೆವಕ್ಕಿಲ್ಲ, ಏಳದೆ ಇದ್ದರೆ ಕಾಣುವುದಿಲ್ಲ. ಎರಡರ ನಡುವೆ ಅಳುಕಿದ್ದಕ್ಕೆ ಅಪಾಯ. ಆದ್ದರಿಂದ ಅದರ ನಿಧಾನದ ಹಾರಾಟ ಕೇಳುವುದಕ್ಕೆ ಎಷ್ಟೋ, ಕೆಳಗಿರುವವರನ್ನು ಹೆದರಿಸಿ ಎಬ್ಬಿಸುವುದಕ್ಕೂ ಅಷ್ಟೇ ಎಂದು ನನ್ನ ಊಹೆ.

ಇದಕ್ಕೆ ಪುಷ್ಟಿ ಕೊಡುವ ಒಂದು ದೃಶ್ಯವೂ ಇದೆ. ಕೆಂಪುತಲೆ ಚಾಣವೊಂದು ಸೆಳೆವದ ಹಿಂದೆ, ಸ್ವಲ್ಪ ಮೇಲಕ್ಕೆ, ಅದೇ ದಾರಿಯಲ್ಲಿ ಹಾರುತ್ತ ಬಂದು, ಸೆಳೆವದ ಭಯಕ್ಕೆ ಎದ್ದ ನೆಲಗುಬ್ಬಿಯನ್ನು ಅಟ್ಟಿದ್ದನ್ನು ನಾನು ಮುಂಡರಗಿಯ ದಾರಿಯಲ್ಲಿ ನೋಡಿದ್ದೇನೆ. ಬ್ರಿಟನ್ನಿನಲ್ಲಿ ಮರ್ಲಿನ್ ಎಂಬ ಪುಟ್ಟ ಚಾಣವು ಅಲ್ಲಿಯ ಸೆಳೆವದ ಹಿಂದೆ ಹೀಗೆಯೇ ಹೋಗುವುದು ದಾಖಲಾಗಿದೆ. ಸೆಳೆವಕ್ಕೆ ಇದರಿಂದ ಬಂದ ಲಾಭವೇನೂ ನನಗೆ ಕಾಣಲಿಲ್ಲ.

ಟಿಟ್ಟಿಭದ ಕೂಗಿಗೂ ಕಿವಿಗೊಡಿ. ಮೇಲೆ ದೂರದಲ್ಲಿ ಹೋಗುವ ಹದ್ದಿಗೆ ಅದು ಇಷ್ಟು ಕಿರುಚುವುದಿಲ್ಲ. ಕೂಗು ಹೊಲದಿಂದ ಹೊಲಕ್ಕೆ ಸಾಗುತ್ತ ಬಂದರೆ ಸೆಳೆವ ಆ ಗುಂಟ ಬರುತ್ತಿದೆ ಎಂದು ತಿಳಿಯಬಹುದು, ಹಕ್ಕಿ ಕಣ್ಣಿಗೆ ಬೀಳುವ ಮುಂಚೆಯೇ.

ಗಾಳಿಮುಖ, ಬೆಂಗಳೂರು

ಎಬ್ಬಿಸುವ ವಾದವನ್ನು ಒಪ್ಪುತ್ತೇನೆ, ಕಡಲೆಯ ಹೊಲದ ಮಟ್ಟಿಗೆ. ಹೆಸರಘಟ್ಟದ ಎತ್ತರದ ಹುಲ್ಲಿನಲ್ಲಿ ಅದು ಏನೂ ಏಳದ ಜಾಗದ ಮೇಲೆ ನಿಂತು, ತಲೆಯನ್ನು ನೇರ ಕೆಳಗೆ ಬಗ್ಗಿಸಿ, ಎರಡು ಮೂರು ಬಾರಿ ರೆಕ್ಕೆ ಬಡಿದು ಅನಂತರ ಬೀಳುವುದನ್ನು ನೋಡಿದರೆ ಕಿವಿಯನ್ನು ಬಿಟ್ಟು ಬೇರೆ ವಿವರಣೆ ನನಗೆ ಹೊಳೆಯುವುದಿಲ್ಲ. ಒಂದೇ ಹಕ್ಕಿ ಎರಡು ನೆಲದಲ್ಲಿ ಎರಡು ರೀತಿ ಬೇಟೆಯಾಡುತ್ತದೆ ಎನ್ನೋಣ.

ನಿವೃತ್ತ ಮೇಷ್ಟ್ರು, ರಾಣೇಬೆನ್ನೂರು

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಎಲ್ಲರೂ ಹಕ್ಕಿಯ ಮಾತಾಡಿದಿರಿ, ಅದಕ್ಕೆ ಬೇಕಾದ ನೆಲದ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಮ್ಮ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರದು. ಅದರ ದೊಡ್ಡ ಭಾಗ ಇಂದು ನೀಲಗಿರಿ ತೋಪು. ಕೃಷ್ಣಮೃಗವೂ ಎರ್ಲಡ್ಡು (ಬಸ್ಟರ್ಡ್) ಎಂಬ ದೊಡ್ಡ ಹಕ್ಕಿಯೂ ಬಯಲಿನ ಜೀವಿಗಳು ಎಂದು ಗೊತ್ತಿದ್ದ ನಾಡಿನಲ್ಲಿಯೇ ಮರ ನೆಟ್ಟರೆ ಒಳ್ಳೆಯದು ಎಂಬ ನಂಬಿಕೆ ಬಲವಾಗಿತ್ತು. ಸಾಲುಮರಗಳ ನಡುವೆ ಸೆಳೆವ ಹಾರುವುದಿಲ್ಲ. ಮೀಟರ್ ಅಗಲದ ರೆಕ್ಕೆಯನ್ನು ಚಾಚಿ ಕೆಳಗೆ ತೇಲುವ ಹಕ್ಕಿಗೆ ಅಲ್ಲಿ ಜಾಗವೂ ಇಲ್ಲ, ನೀಲಗಿರಿಯ ಎಲೆ ಬಿದ್ದ ನೆಲದಲ್ಲಿ ಹುಲ್ಲೂ ಮಿಡತೆಯೂ ಹೆಚ್ಚಿಲ್ಲ. ಆದ್ದರಿಂದ ಇಲ್ಲಿ ಸೆಳೆವ ನೋಡಬೇಕೆಂದರೆ ಅಭಯಾರಣ್ಯದ ಹೊರಗಿನ ರೈತರ ಹೊಲಗಳಿಗೆ ಹೋಗಬೇಕಾದ ವಿಚಿತ್ರ ಪರಿಸ್ಥಿತಿ.

ಮೈಸೂರು ಅರಸರ ಕಾಲದಿಂದ ದನಗಳಿಗಾಗಿ ಬಿಟ್ಟಿದ್ದ ಅಮೃತಮಹಲ್ ಕಾವಲುಗಳು ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ಹಾಸನದ ಕಡೆ ಹರಡಿದ್ದವು. ಅವು ಯಾರದೂ ಅಲ್ಲದ ಬಂಜರು ಎಂದು ಕಾಗದದಲ್ಲಿ ತೋರಿದ್ದರಿಂದ ಬೇರೆ ಬೇರೆ ಕೆಲಸಗಳಿಗೆ ಹಂಚಿಹೋದವು. ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾದುದು ಎಲ್ಲರಿಗೂ ತಿಳಿದ ವಿಷಯ. ಆ ಸಂಸ್ಥೆಗಳು ಬೇಡವೆಂದು ನಾನು ಹೇಳುವುದಿಲ್ಲ. ಕಾಡು ಕಡಿದರೆ ಲೆಕ್ಕ ಕೇಳುವವರು ಇದ್ದಾರೆ, ಹುಲ್ಲು ಹೋದರೆ ಹೋದದ್ದು ತಿಳಿಯುವುದೇ ಇಲ್ಲ ಎನ್ನುವುದಷ್ಟೇ ನನ್ನ ದೂರು. ಕಝಾಕಿಸ್ತಾನದಿಂದ ಬಂದ ಹಕ್ಕಿ ಹಗ್ಗವಳತೆಯ ಕಾಗದ ಓದುವುದಿಲ್ಲವಾದ್ದರಿಂದ ಕಳೆದ ವರ್ಷದ ಜಾಗಕ್ಕೇ ಬಂದು ಸುತ್ತುತ್ತದೆ.

ಬಾನಾಡಿ, ಮೈಸೂರು

ಕೀಟನಾಶಕದ ಮಾತು ಇನ್ನೂ ಬಂದಿಲ್ಲ. ಅರ್ಜೆಂಟೀನಾದಲ್ಲಿ 1995–96ರಲ್ಲಿ ನಡೆದದ್ದು ಈ ಚರ್ಚೆಗೆ ತೀರ ಹತ್ತಿರದ ಉದಾಹರಣೆ. ಉತ್ತರ ಅಮೆರಿಕದಲ್ಲಿ ಮರಿ ಮಾಡಿ, ಚಳಿ ಕಳೆಯಲು ದಕ್ಷಿಣದ ಬಯಲುಗಳಿಗೆ ಹೋಗಿ ಮಿಡತೆ ತಿಂದು ಬದುಕುವ ಸ್ವೇನ್ಸನ್ ಗಿಡುಗಗಳು ಅಲ್ಲಿಯ ಹೊಲಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿ ಸತ್ತುಬಿದ್ದವು. ಮಿಡತೆಗೆಂದು ಹೊಡೆದ ಮಾನೊಕ್ರೊಟೊಫಾಸ್ ಕಾರಣವಾಗಿತ್ತು. ಮೇವಿಗಾಗಿ ಹಿಂಡಾಗಿ ಸೇರುವ ಹಕ್ಕಿಗಳಾದ್ದರಿಂದ ಸಾವು ಕಣ್ಣಿಗೆ ಬಿತ್ತು. ಸೆಳೆವ ಒಂಟಿಯಾಗಿ ಬೇಟೆಯಾಡುತ್ತದೆ, ಎಲ್ಲಿ ಬಿತ್ತೆಂದು ಯಾರಿಗೂ ಕಾಣುವುದಿಲ್ಲ. ಇಲಿಗೆ ಇಡುವ ಬ್ರೋಮಾಡಿಯೋಲೋನ್ ಎಂಬ ವಿಷ ಕೂಡ ತಕ್ಷಣ ಕೊಲ್ಲುವುದಿಲ್ಲ. ತಿಂದ ಇಲಿ ಕೆಲವು ದಿನ ಮಂಕಾಗಿ ಹಗಲಿನಲ್ಲೂ ಹೊರಗೆ ತಿರುಗಾಡುತ್ತದೆ. ಇಲಿ ರಾತ್ರಿಯ ಜೀವಿಯೆಂಬ ಹಿಂಗಾರಿ ಅವರ ಮಾತು ಸರಿ, ಆದರೆ ವಿಷ ತಿಂದ ಇಲಿಗೆ ಆ ಮಾತು ಅನ್ವಯಿಸುವುದಿಲ್ಲ, ಹಗಲಿನ ಬೇಟೆಹಕ್ಕಿಗೆ ಸುಲಭವಾಗಿ ಸಿಗುವುದು ಅಂಥದ್ದೇ.

ಉದ್ದಮಸೂರ, ಹುಬ್ಬಳ್ಳಿ

ಮಧುಗಿರಿಯವರಿಗೆ ಧನ್ಯವಾದ. ತಂಗುದಾಣದ ಕಡೆಗೆ ಹೋಗುವುದಿಲ್ಲ. ಹಗಲಿನಲ್ಲಿ, ರಸ್ತೆಯ ಬದಿಯಲ್ಲಿ ನಿಂತೇ, ಬೇಟೆಯನ್ನು ನೋಡಲು ಯಾವ ವಾರ ಬಂದರೆ ಒಳ್ಳೆಯದು? ಹತ್ತರ ವರ್ಧನೆಯ ದೂರದರ್ಶಕ ಇದೆ.

ಗಾಳಿಮುಖ, ಬೆಂಗಳೂರು

ಹತ್ತರದಕ್ಕಿಂತ ಎಂಟರ ವರ್ಧನೆಯದು ಒಳ್ಳೆಯದು. ತಿರುಗುವ ಹಕ್ಕಿಯನ್ನು ಹಿಂಬಾಲಿಸಲು ನೋಟದ ಅಗಲ ಬೇಕು, ಕೈನಡುಕವೂ ಕಡಿಮೆ ಕಾಣುತ್ತದೆ.

ಹಿಂಗಾರಿ, ಕುಷ್ಟಗಿ

ಬಾನಾಡಿ ಅವರು ಹೇಳಿದ್ದು ವಿಚಾರ ಮಾಡುವಂಥದ್ದು. ನಮ್ಮಲ್ಲಿ ಕಡಲೆಗೆ ಔಷಧಿ ಹೊಡೆಯುವುದು ಹೆಚ್ಚಾಗಿ ಹೂ ಮತ್ತು ಕಾಯಿಯ ಹೊತ್ತಿನಲ್ಲಿ, ಅಂದರೆ ಹಕ್ಕಿಗಳು ಇರುವ ದಿನಗಳಲ್ಲೇ.

ಹುಬ್ಬಳ್ಳಿಯ ಸರ್ ಕೇಳಿದ್ದಕ್ಕೆ: ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ ಹೊತ್ತಿಗೆ ಜೋಳ ಆಳೆತ್ತರ ನಿಂತಿರುತ್ತದೆ, ಆಗ ಹಕ್ಕಿ ಕಂಡರೂ ಬೀಳುವ ಜಾಗ ಕಾಣುವುದಿಲ್ಲ. ಅದಕ್ಕಿಂತ ಕಡಲೆ ಕೀಳುವ ದಿನಗಳಲ್ಲಿ ಬನ್ನಿ. ಬಿತ್ತನೆ ನೋಡಿಕೊಂಡು ಜನವರಿಯ ಕೊನೆಯಿಂದ ಫೆಬ್ರುವರಿಯ ಮಧ್ಯದವರೆಗೆ. ಆಳುಗಳು ಸಾಲು ಹಿಡಿದು ಕೀಳುತ್ತ ಹೋದ ಹಾಗೆ ಮಿಡತೆ, ಓತಿಕ್ಯಾತಗಳೆಲ್ಲ ಇನ್ನೂ ಕೀಳದ ತುಂಡಿಗೆ ಸರಿದು ಸೇರುತ್ತವೆ, ಸಂಜೆಯ ಹೊತ್ತಿಗೆ ಆ ಸಣ್ಣ ತುಂಡಿನ ಮೇಲೆ ಸೆಳೆವ ಮತ್ತೆ ಮತ್ತೆ ಬರುತ್ತದೆ. ಜನರಿಗೆ ಅದು ಅಷ್ಟೇನೂ ಅಂಜುವುದಿಲ್ಲ, ನಿಂತ ಕಾರಿನಿಂದ ಇಳಿದು ಬರುವವರಿಗೆ ಅಂಜುತ್ತದೆ. ಹೊಲದವರನ್ನು ಕೇಳಿ ಬದುವಿನ ಮೇಲೆ ಕುಳಿತುಕೊಳ್ಳಿ, ಕಿತ್ತಿಟ್ಟ ಕಡಲೆ ಗುಪ್ಪೆಯನ್ನು ತುಳಿಯಬೇಡಿ.